ಟೂರ್ನಿ ಸೋತ ಮೇಲೆ ಕೋಚ್‌ನ ಇಟ್ಟುಕೊಳ್ಳಬೇಕಾ, ಬದಲಿಸಬೇಕಾ? ಐದು ದಾರಿಗಳ ಹೋಲಿಕೆ

ಫುಟ್‌ಬಾಲ್ ವಿಶ್ವಕಪ್ ಮುಗಿಯಲಿ, ಯುರೋಪಿನ ದೇಶಗಳು ಆಡುವ ಯೂರೊ ಮುಗಿಯಲಿ, ಕಪ್ ಎತ್ತಿದ ಒಂದು ದೇಶ ಬಿಟ್ಟರೆ ಉಳಿದ ಕಡೆ ಎಲ್ಲ ಒಂದೇ ಮಾತು: ಈ ಕೋಚ್ ಸಾಕು, ಬೇರೆಯವರನ್ನು ತನ್ನಿ. ಅಭಿಮಾನಿಗಳು ಸೋತ ರಾತ್ರಿ ಹಾಗೆ ಹೇಳೋದು ಸಹಜ. ತೊಂದರೆ ಇರೋದು ಫೆಡರೇಷನ್‌ನವರೂ, ಅಂದರೆ ದೇಶದ ಫುಟ್‌ಬಾಲ್ ಸಂಸ್ಥೆಯವರೂ, ಅದೇ ಸಿಟ್ಟಿನಲ್ಲಿ ಕೂತು ತೀರ್ಮಾನ ಮಾಡಿದಾಗ, ಇಲ್ಲಾ ಮುಖ ಉಳಿಸಿಕೊಳ್ಳೋಕೆ ಸುಮ್ನೆ ಇದ್ದುಬಿಟ್ಟಾಗ. ಎರಡೂ ಆಗಿವೆ, ಎರಡಕ್ಕೂ ದೊಡ್ಡ ದೊಡ್ಡ ದೇಶಗಳೇ ಬೆಲೆ ತೆತ್ತಿವೆ.

ಫೆಡರೇಷನ್ ಮುಂದೆ ಇರೋದು ಹೆಚ್ಚು ಕಡಿಮೆ ಐದೇ ದಾರಿ. ಇದ್ದವರನ್ನೇ ಉಳಿಸಿಕೊಳ್ಳೋದು, ಸಹಾಯಕ ಕೋಚ್‌ಗೆ ಬಡ್ತಿ ಕೊಡೋದು, ಕಿರಿಯರ ತಂಡದ ಕೋಚ್‌ನ ಮೇಲೆ ತರೋದು, ಕ್ಲಬ್ ಫುಟ್‌ಬಾಲ್‌ನ ದೊಡ್ಡ ಹೆಸರು ಕರೆಸೋದು, ಇಲ್ಲವೇ ಹಂಗಾಮಿ ಕೋಚ್ ಇಟ್ಟು ಕಾಯೋದು.

ಹೋಲಿಸುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ದೇಶದ ತಂಡದ ಕೆಲಸ ಕ್ಲಬ್ ಕೆಲಸದ ಹಾಗಲ್ಲ. ಕ್ಲಬ್ ಕೋಚ್‌ಗೆ ಹುಡುಗರು ದಿನಾ ಬೆಳಿಗ್ಗೆ ಮೈದಾನದಲ್ಲಿ ಸಿಗುತ್ತಾರೆ, ಎಡಗಡೆ ಡಿಫೆಂಡರ್ ಸರಿಯಿಲ್ಲ ಅಂದರೆ ದುಡ್ಡು ಕೊಟ್ಟು ಇನ್ನೊಬ್ಬನನ್ನು ತರಬಹುದು. ದೇಶದ ಕೋಚ್‌ಗೆ ವರ್ಷಕ್ಕೆ ನಾಲ್ಕೈದು ಸಲ, ಸಲಕ್ಕೆ ಹತ್ತು ದಿನದಷ್ಟು ಮಾತ್ರ ಆಟಗಾರರು ಸಿಗೋದು. ಬೇರೆ ಬೇರೆ ದೇಶದಿಂದ ವಿಮಾನ ಹತ್ತಿ ಬರುತ್ತಾರೆ, ಮೊದಲ ಎರಡು ದಿನ ಸುಸ್ತು ಇಳಿಸೋದರಲ್ಲೇ ಹೋಗುತ್ತೆ, ಎರಡು ಪಂದ್ಯ ಆಡಿ ವಾಪಸ್ ಹೊರಡುತ್ತಾರೆ. ಯಾರನ್ನೂ ಖರೀದಿಸುವ ಹಾಗಿಲ್ಲ, ಪಾಸ್‌ಪೋರ್ಟ್ ಇದ್ದವರಲ್ಲೇ ಆರಿಸಬೇಕು. ಹಾಗಾಗಿ ಕೋಚ್ ಎಷ್ಟು ಬುದ್ಧಿವಂತ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ಮುಂದಿನ ಟೂರ್ನಿಯಲ್ಲಿ ಆಡುವ ಹುಡುಗರು ಆತನಿಗೆ ಈಗಾಗಲೇ ಎಷ್ಟು ಗೊತ್ತು ಅಂತ. ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಇದೆ.

ಇದ್ದವರನ್ನೇ ಉಳಿಸಿಕೊಳ್ಳೋದು

ಇದು ಎಲ್ಲಕ್ಕಿಂತ ಸುಲಭದ ದಾರಿ ಅನಿಸುತ್ತೆ. ನಿಜಕ್ಕೂ ಎಲ್ಲಕ್ಕಿಂತ ಕಷ್ಟದ್ದು ಇದೇ, ಯಾಕಂದರೆ ಇಲ್ಲಿ ಸೋಲನ್ನು ಸರಿಯಾಗಿ ಓದೋಕೆ ಬರಬೇಕು.

2022ರ ಕತಾರ್ ವಿಶ್ವಕಪ್‌ನಲ್ಲಿ ಜರ್ಮನಿ ಮತ್ತು ಜಪಾನ್ ಒಂದೇ ಗುಂಪಿನಲ್ಲಿದ್ದವು. ಜಪಾನ್ 2-1ರಿಂದ ಜರ್ಮನಿಯನ್ನು ಸೋಲಿಸಿತು, ಕೋಸ್ಟರಿಕಾ ಎದುರು ಎಡವಿತು, ಆಮೇಲೆ ಸ್ಪೇನನ್ನೂ 2-1ರಿಂದ ಮಣಿಸಿ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ಕೊನೆಯ 16 ತಂಡಗಳ ಘಟ್ಟದಲ್ಲಿ ಕ್ರೊಯೇಷ್ಯಾಗೆ ಪೆನಾಲ್ಟಿಯಲ್ಲಿ ಸೋತು ಮನೆಗೆ ಬಂತು. ಜರ್ಮನಿ ಗುಂಪು ಹಂತದಲ್ಲೇ ಹೊರಬಿತ್ತು. ಎರಡೂ ಫೆಡರೇಷನ್‌ಗಳು ಕೋಚ್‌ನ ಉಳಿಸಿಕೊಂಡವು. ಜಪಾನ್ ಹಾಜಿಮೆ ಮೊರಿಯಾಸು ಅವರ ಒಪ್ಪಂದ ಮುಂದುವರಿಸಿತು. ಜರ್ಮನಿ ಹಾನ್ಸಿ ಫ್ಲಿಕ್ ಅವರ ಮೇಲೆ ಭರವಸೆ ಇಟ್ಟಿತು, ಮುಂದಿನ ಯೂರೊ ತಮ್ಮದೇ ನೆಲದಲ್ಲಿ ಇತ್ತಲ್ಲ, ಈಗ ಅಲುಗಾಡಿಸೋದು ಬೇಡ ಅಂತ.

ಮುಂದೇನಾಯಿತು ನೋಡಿ. 2023ರಲ್ಲಿ ಜರ್ಮನಿ ಬೆಲ್ಜಿಯಂಗೆ ಸೋತಿತು, ಉಕ್ರೇನ್ ಜೊತೆ 3-3 ಡ್ರಾ, ಪೋಲೆಂಡ್‌ಗೆ ಸೋಲು, ಕೊಲಂಬಿಯಾಗೆ ಸೋಲು. ಪ್ರತಿ ಪಂದ್ಯಕ್ಕೂ ಹೊಸ ಹಿಂಬದಿ ಸಾಲು, ಹೊಸ ಪ್ರಯೋಗ. ಸೆಪ್ಟೆಂಬರ್‌ನಲ್ಲಿ ವೋಲ್ಫ್ಸ್‌ಬರ್ಗ್‌ಗೆ ಅದೇ ಜಪಾನ್ ಬಂತು, 4-1ರಿಂದ ಗೆದ್ದು ಹೋಯಿತು. ಮರುದಿನವೇ ಫ್ಲಿಕ್ ಅವರನ್ನು ತೆಗೆದರು. ಜರ್ಮನಿಯ ಇತಿಹಾಸದಲ್ಲಿ ಫೆಡರೇಷನ್ ಕೋಚ್‌ನ ವಜಾ ಮಾಡಿದ್ದು ಅದೇ ಮೊದಲು. ಇತ್ತ ಮೊರಿಯಾಸು ತಂಡ 2025ರ ಮಾರ್ಚ್‌ನಲ್ಲೇ 2026ರ ವಿಶ್ವಕಪ್‌ಗೆ ಟಿಕೆಟ್ ಪಡೆಯಿತು, ಆತಿಥೇಯ ಮೂರು ದೇಶ ಬಿಟ್ಟರೆ ಜಗತ್ತಿನಲ್ಲೇ ಮೊದಲು.

ಒಂದೇ ಗುಂಪು, ಒಂದೇ ತೀರ್ಮಾನ, ಆದರೆ ಫಲ ಪೂರ್ತಿ ಉಲ್ಟಾ. ವ್ಯತ್ಯಾಸ ಎಲ್ಲಿತ್ತು? ಜಪಾನ್‌ನ ಆಟ ಮೇಲೆ ಏರುತ್ತಾ ಇತ್ತು, ಮಧ್ಯದಲ್ಲಿ ಪೆನಾಲ್ಟಿ ಅಡ್ಡ ಬಂತು ಅಷ್ಟೇ. ಜರ್ಮನಿಯ ಆಟ 2018ರಿಂದಲೇ ಇಳಿಯುತ್ತಾ ಇತ್ತು. ಜಪಾನ್ ಉಳಿಸಿಕೊಂಡದ್ದು ಸಾಗುತ್ತಿದ್ದ ಕೆಲಸವನ್ನು, ಜರ್ಮನಿ ಉಳಿಸಿಕೊಂಡದ್ದು ಬರೀ ಕೋಚ್‌ನ.

ಫ್ರಾನ್ಸ್ ಇನ್ನೂ ಒಳ್ಳೆಯ ಪಾಠ, ಒಂದೇ ದೇಶ ಎರಡೂ ಬಗೆ ಮಾಡಿ ನೋಡಿದೆ. 2008ರ ಯೂರೊದಲ್ಲಿ ರೇಮಾಂ ಡೊಮೆನೆಕ್ ತಂಡ ಮೂರು ಪಂದ್ಯದಲ್ಲಿ ಒಂದು ಗೋಲು, ಒಂದು ಅಂಕ ಗಳಿಸಿ ಗುಂಪಿನಲ್ಲಿ ಕೊನೆಗೆ ನಿಂತಿತು. ಆಟಗಾರರಿಗೂ ಕೋಚ್‌ಗೂ ನಡುವೆ ನಂಬಿಕೆ ಉಳಿದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಆದರೂ ಫೆಡರೇಷನ್ ಅವರನ್ನೇ ಇಟ್ಟುಕೊಂಡಿತು. 2010ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಏನಾಯಿತು ಅಂತ ಫುಟ್‌ಬಾಲ್ ನೋಡುವ ಎಲ್ಲರಿಗೂ ನೆನಪಿದೆ. ಮೆಕ್ಸಿಕೊ ಪಂದ್ಯದ ವಿರಾಮದಲ್ಲಿ ಕೋಚ್ ಜೊತೆ ಜಗಳವಾಡಿದ್ದಕ್ಕೆ ಸ್ಟ್ರೈಕರ್ ಅನೆಲ್ಕಾನ ಮನೆಗೆ ಕಳಿಸಿದರು. ಮರುದಿನ ತಂಡ ತಂಗಿದ್ದ ನೈಸ್ನಾದಲ್ಲಿ ಆಟಗಾರರು ಅಭ್ಯಾಸ ಮಾಡಲ್ಲ ಅಂತ ಬಸ್ಸಿನೊಳಗೆ ಹೋಗಿ ಕೂತುಬಿಟ್ಟರು, ಅವರು ಬರೆದ ಹೇಳಿಕೆಯನ್ನು ಪತ್ರಕರ್ತರ ಮುಂದೆ ಓದಿದ್ದು ಕೋಚೇ. ಮತ್ತೆ ಒಂದೇ ಅಂಕ, ಮತ್ತೆ ಕೊನೆಯ ಸ್ಥಾನ.

ಅದೇ ಫ್ರಾನ್ಸ್ 2021ರಲ್ಲಿ ಯೂರೊದ 16ರ ಘಟ್ಟದಲ್ಲಿ ಸ್ವಿಟ್ಜರ್ಲೆಂಡ್‌ಗೆ ಸೋತಾಗ ದಿದಿಯೆ ದೆಶಾಂ ಅವರನ್ನು ಉಳಿಸಿಕೊಂಡಿತು. ಆ ಪಂದ್ಯದಲ್ಲಿ 80 ನಿಮಿಷದವರೆಗೆ ಫ್ರಾನ್ಸ್ 3-1ರಿಂದ ಮುಂದಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟು, ಪೆನಾಲ್ಟಿಯಲ್ಲಿ ಎಂಬಾಪೆ ಒದ್ದ ಚೆಂಡನ್ನು ಗೋಲ್‌ಕೀಪರ್ ಸೊಮರ್ ತಡೆದರು. ಹತ್ತು ನಿಮಿಷದ ಮೈಮರೆವಿಗೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್‌ನ ಬಿಡಬಾರದು ಅಂತ ಫೆಡರೇಷನ್ ನಿರ್ಧರಿಸಿತು. ಕೆಲವೇ ತಿಂಗಳಲ್ಲಿ ಯುರೋಪಿನ ದೇಶಗಳ ನೇಷನ್ಸ್ ಲೀಗ್ ಗೆದ್ದರು, ಮರುವರ್ಷ ವಿಶ್ವಕಪ್ ಫೈನಲ್ ಆಡಿದರು.

ಹಾಗಾಗಿ ಪೆನಾಲ್ಟಿ ಶೂಟೌಟ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಅದರ ಹಿಂದಿನ ಎರಡು ವರ್ಷದ ಪಂದ್ಯ ನೋಡಿ. ಆಟ ಏರುತ್ತಿದೆಯಾ ಇಳಿಯುತ್ತಿದೆಯಾ, ಹೊಸ ಹುಡುಗರಿಗೆ ಜಾಗ ಸಿಗುತ್ತಿದೆಯಾ, ಹಿರಿಯ ಆಟಗಾರರು ಕೋಚ್ ಮಾತು ಕೇಳುತ್ತಿದ್ದಾರಾ.

ಇಲ್ಲಿ ಫ್ಲಿಕ್‌ಗೆ ಮುಂಚೆ ಜರ್ಮನಿಯ ಕೋಚ್ ಆಗಿದ್ದ ಯೋಕಿಂ ಲೋವ್ ಅವರ ಕಥೆ ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕಂದರೆ ಉಳಿಸಿಕೊಂಡ ಕೋಚ್ ಏನು ಮಾಡಬಾರದು ಅನ್ನೋದು ಅದರಲ್ಲಿದೆ. 2014ರಲ್ಲಿ ವಿಶ್ವಕಪ್ ಗೆದ್ದವರು, 2018ರಲ್ಲಿ ಮೆಕ್ಸಿಕೊಗೂ ದಕ್ಷಿಣ ಕೊರಿಯಾಗೂ ಸೋತು ಗುಂಪು ಹಂತದಲ್ಲೇ ಹೊರಬಂದರು. ಟೂರ್ನಿಗೆ ಮುಂಚೆಯೇ 2022ರ ತನಕ ಒಪ್ಪಂದ ವಿಸ್ತರಿಸಿದ್ದರಿಂದ ಫೆಡರೇಷನ್ ಕೈ ಕಟ್ಟಿತ್ತು. ಲೋವ್ ಆಟದ ರೀತಿ ಬದಲಿಸುವ ಬದಲು 2019ರ ಮಾರ್ಚ್‌ನಲ್ಲಿ ಮುಲ್ಲರ್, ಹುಮ್ಮೆಲ್ಸ್, ಬೋಟೆಂಗ್ ಮೂವರಿಗೂ ಇನ್ನು ನೀವು ಬೇಡ ಅಂದರು. ಮೂವರೂ ವಿಶ್ವಕಪ್ ಗೆದ್ದವರು, ಯಾರಿಗೂ ಮೂವತ್ತೊಂದು ತುಂಬಿರಲಿಲ್ಲ. 2020ರ ನವೆಂಬರ್‌ನಲ್ಲಿ ಸೆವಿಯಾದಲ್ಲಿ ಸ್ಪೇನ್ 6-0ರಿಂದ ಬಡಿಯಿತು. 2021ರ ಯೂರೊಗೆ ಮುಲ್ಲರ್‌ನೂ ಹುಮ್ಮೆಲ್ಸ್‌ನೂ ವಾಪಸ್ ಕರೆದರು. ಎರಡು ವರ್ಷ ಅವರಿಲ್ಲದೆ ಕಟ್ಟಿದ ತಂಡವನ್ನು ಎರಡು ವಾರದಲ್ಲಿ ಮತ್ತೆ ಬಿಚ್ಚಬೇಕಾಯಿತು. ವೆಂಬ್ಲಿಯಲ್ಲಿ ಇಂಗ್ಲೆಂಡ್‌ಗೆ 2-0ರಿಂದ ಸೋತರು. ಮೂರು ವರ್ಷ ಪೂರ್ತಿ ಹಾಳು. ಜರ್ಮನಿ ತಂಡವನ್ನು ಇಷ್ಟಪಡುವ ನನಗೆ ಇದು ಈಗಲೂ ಹೊಟ್ಟೆ ಉರಿಸುವ ವಿಷಯ.

ಸಹಾಯಕ ಕೋಚ್‌ಗೆ ಬಡ್ತಿ

ಹಳಬರು ಹೋದರು, ಪಕ್ಕದಲ್ಲಿ ಕೂತಿದ್ದವರು ಮುಂದೆ ಬಂದರು. ಕೇಳಿದರೆ ಸಪ್ಪೆ ಅನಿಸುತ್ತೆ. ಆದರೆ ದಾಖಲೆ ನೋಡಿದರೆ ಈಚಿನ ವರ್ಷಗಳಲ್ಲೇ ಈ ದಾರಿಯಿಂದ ಬಂದ ಇಬ್ಬರು ವಿಶ್ವಕಪ್ ಗೆದ್ದಿದ್ದಾರೆ, ಒಬ್ಬರು ಇದೇ ಲೋವ್, ಇನ್ನೊಬ್ಬರು ಲಿಯೊನೆಲ್ ಸ್ಕಲೋನಿ.

ಲೋವ್ 2004ರಿಂದ 2006ರವರೆಗೆ ಯುರ್ಗೆನ್ ಕ್ಲಿನ್ಸ್‌ಮನ್‌ಗೆ ಸಹಾಯಕರಾಗಿದ್ದರು. ಹುರುಪು ತುಂಬುವ ಕೆಲಸ ಕ್ಲಿನ್ಸ್‌ಮನ್‌ದು, ಅಭ್ಯಾಸದ ಮೈದಾನದಲ್ಲಿ ಆಟ ಕಟ್ಟುವ ಕೆಲಸದಲ್ಲಿ ಜಾಸ್ತಿ ಪಾಲು ಲೋವ್‌ದು. ಸ್ವದೇಶದ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಬಂದ ಮೇಲೆ ಕ್ಲಿನ್ಸ್‌ಮನ್ ಬಿಟ್ಟು ಹೋದರು, ಲೋವ್ ಅಲ್ಲಿಂದಲೇ ಮುಂದುವರಿಸಿದರು. 2008ರಲ್ಲಿ ಯೂರೊ ಫೈನಲ್, 2010ರಲ್ಲಿ ಮೂರನೇ ಸ್ಥಾನ, 2014ರಲ್ಲಿ ಬ್ರೆಜಿಲ್ ಮೇಲೆ 7-1, ಆಮೇಲೆ ಕಪ್. ಎಂಟು ವರ್ಷ ಹಿಡಿಯಿತು ಅನ್ನೋದನ್ನೂ ಮರೆಯಬೇಡಿ.

ಸ್ಕಲೋನಿ ವಿಷಯ ಇನ್ನೂ ಬೇರೆ. 2018ರ ವಿಶ್ವಕಪ್‌ನಲ್ಲಿ ಸಂಪೌಲಿ ಕೋಚ್ ಆಗಿದ್ದ ಅರ್ಜೆಂಟೀನಾ ತಂಡ ಕ್ರೊಯೇಷ್ಯಾಗೆ 3-0ರಿಂದ ಸೋತು, 16ರ ಘಟ್ಟದಲ್ಲಿ ಫ್ರಾನ್ಸ್‌ಗೆ 4-3ರಿಂದ ಸೋತು ಛಿದ್ರವಾಗಿತ್ತು. ಸ್ಕಲೋನಿ ಆ ಸಿಬ್ಬಂದಿಯಲ್ಲೇ ಇದ್ದವರು. ಯಾವ ಹಿರಿಯ ತಂಡಕ್ಕೂ ಮುಖ್ಯ ಕೋಚ್ ಆಗಿ ಕೆಲಸ ಮಾಡಿದ ಅನುಭವ ಇರಲಿಲ್ಲ. ದೊಡ್ಡ ಹೆಸರು ಯಾರೂ ಸುಲಭಕ್ಕೆ ಸಿಗುವ ಹಾಗಿರಲಿಲ್ಲ, ಹಂಗಾಮಿ ಅಂತ ಇವರನ್ನು ಕೂರಿಸಿದರು. ಅರ್ಜೆಂಟೀನಾದಲ್ಲಿ ಮರಡೋನಾ ಸಹಿತ ಎಷ್ಟೋ ಜನ ಬಾಯಿಗೆ ಬಂದ ಹಾಗೆ ಟೀಕಿಸಿದರು.

ಅವರು ಮಾಡಿದ್ದು ಇಷ್ಟು. ಮೆಸ್ಸಿ ಮೊದಲ ಕೆಲವು ತಿಂಗಳು ತಂಡದಿಂದ ದೂರ ಇದ್ದರು, ಆ ಸಮಯವನ್ನು ಹೊಸ ಹುಡುಗರನ್ನು ಆಡಿಸಿ ನೋಡೋಕೆ ಬಳಸಿಕೊಂಡರು. ಡಿ ಪಾಲ್, ಪರೆಡೆಸ್, ಲೊ ಸೆಲ್ಸೊ, ಲೌಟಾರೊ ಮಾರ್ಟಿನೆಜ್, ಇವರೆಲ್ಲ ತಂಡದ ಗಟ್ಟಿ ಭಾಗವಾದದ್ದು ಆ ಅವಧಿಯಲ್ಲಿ. ಮೆಸ್ಸಿ ವಾಪಸ್ ಬಂದಾಗ ಎಲ್ಲ ಭಾರ ಒಬ್ಬನ ಹೆಗಲ ಮೇಲೆ ಹೊರಿಸದ ಒಂದು ತಂಡ ಸಿದ್ಧವಿತ್ತು. ದಕ್ಷಿಣ ಅಮೆರಿಕದ ದೇಶಗಳು ಆಡುವ ಕೋಪಾ ಟೂರ್ನಿಯ 2019ರ ಸೆಮಿಫೈನಲ್‌ನಲ್ಲಿ ಬ್ರೆಜಿಲ್‌ಗೆ ಸೋತರೂ ಫೆಡರೇಷನ್ ಕೈಬಿಡಲಿಲ್ಲ, ಮೆಚ್ಚಬೇಕಾದ್ದು ಅದನ್ನೇ. 2021ರ ಕೋಪಾ ಫೈನಲ್‌ನಲ್ಲಿ, ಬ್ರೆಜಿಲ್‌ನ ಮರಕಾನಾ ಮೈದಾನದಲ್ಲಿ ಡಿ ಪಾಲ್ ಹಿಂದಿನಿಂದ ಹಾಕಿದ ಉದ್ದ ಪಾಸು ಡಿ ಮರಿಯಾ ಕಾಲಿಗೆ ಬಿತ್ತು, ಅವರು ಬ್ರೆಜಿಲ್ ಗೋಲ್‌ಕೀಪರ್ ಎಡೆರ್ಸನ್ ತಲೆ ಮೇಲಿಂದ ಎತ್ತಿ ಒಳಗೆ ಹಾಕಿದರು, 28 ವರ್ಷದ ಕಪ್ ಬರ ತೀರಿತು. ಮರುವರ್ಷ ವಿಶ್ವಕಪ್. ಆಮೇಲೆ 2024ರಲ್ಲಿ ಮತ್ತೆ ಕೋಪಾ.

ಈ ದಾರಿ ಯಾವಾಗ ಕೈಕೊಡುತ್ತೆ ಅಂದರೆ, ಮುಖ್ಯ ಕೋಚ್ ಮಾಡುತ್ತಿದ್ದ ತಪ್ಪನ್ನೇ ಸಹಾಯಕರೂ ಮುಂದುವರಿಸಿದಾಗ. 2014ರಲ್ಲಿ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ನೆದರ್ಲೆಂಡ್ಸ್, ಕೋಚ್ ವಾನ್ ಗಾಲ್ ಹೋದ ಮೇಲೆ ಗುಸ್ ಹಿಡಿಂಕ್ ಅವರನ್ನು ತಂದಿತು, ಅವರು ಮಧ್ಯದಲ್ಲೇ ಬಿಟ್ಟಾಗ ಸಹಾಯಕ ಡ್ಯಾನಿ ಬ್ಲಿಂಡ್‌ಗೆ ಹೊಣೆ ಕೊಟ್ಟಿತು. 24 ತಂಡ ಆಡಿದ 2016ರ ಯೂರೊಗೂ ಅವರಿಗೆ ಪ್ರವೇಶ ಸಿಗಲಿಲ್ಲ. ಸಹಾಯಕರನ್ನು ಆರಿಸುವಾಗ ಕೇಳಬೇಕಾದ ಒಂದೇ ಪ್ರಶ್ನೆ: ಹಿಂದಿನವರು ಮಾಡಿದ್ದರಲ್ಲಿ ಏನನ್ನು ನೀವು ಬಿಡುತ್ತೀರಿ? ಇದಕ್ಕೆ ಸ್ಪಷ್ಟ ಉತ್ತರ ಇಲ್ಲದಿದ್ದರೆ ಬೇಡ.

ಕಿರಿಯರ ತಂಡದ ಕೋಚ್‌ನ ಮೇಲೆ ತರೋದು

ನನಗೆ ಐದರಲ್ಲಿ ಜಾಸ್ತಿ ನಂಬಿಕೆ ಇರೋದು ಇದರ ಮೇಲೆ.

2022ರಲ್ಲಿ ಮೊರಾಕ್ಕೊಗೆ ಪೆನಾಲ್ಟಿಯಲ್ಲಿ ಸೋತ ಮೇಲೆ ಸ್ಪೇನ್ ಲೂಯಿಸ್ ಎನ್ರಿಕೆ ಅವರನ್ನು ಬಿಟ್ಟು ಲೂಯಿಸ್ ಡೆ ಲಾ ಫುಯೆಂತೆ ಅವರನ್ನು ತಂದಿತು. ಸ್ಪೇನ್‌ನ ಹೊರಗೆ ಹೆಚ್ಚಿನವರಿಗೆ ಈ ಹೆಸರೇ ಗೊತ್ತಿರಲಿಲ್ಲ. ಎರಡನೇ ಪಂದ್ಯದಲ್ಲೇ ಗ್ಲಾಸ್ಗೊದಲ್ಲಿ ಸ್ಕಾಟ್ಲೆಂಡ್‌ಗೆ 2-0ರಿಂದ ಸೋತಾಗ ಪತ್ರಿಕೆಗಳು ಹರಿದು ಹಾಕಿದವು. ಆದರೆ ಅವರು 2015ರಲ್ಲಿ ಅಂಡರ್-19 ಯೂರೊ ಗೆದ್ದವರು, 2019ರಲ್ಲಿ ಅಂಡರ್-21 ಯೂರೊ ಗೆದ್ದವರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದವರು. ಉನಾಯ್ ಸಿಮೋನ್, ರೊಡ್ರಿ, ಮೆರಿನೊ ಅವರ ಕೈಯಲ್ಲಿ ಹದಿಹರೆಯದಲ್ಲೇ ಆಡಿದವರು. ಫಾಬಿಯನ್ ರುಯಿಜ್, ಡ್ಯಾನಿ ಒಲ್ಮೊ, ಒಯರ್ಜಬಾಲ್ ಅಂಡರ್-21 ತಂಡದವರು. ಕುಕುರೆಯಾ, ಜುಬಿಮೆಂಡಿ ಟೋಕಿಯೊ ತಂಡದವರು.

ಈಗ 2024ರ ಯೂರೊ ನೆನಪಿಸಿಕೊಳ್ಳಿ. ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ಎದುರು ಹೆಚ್ಚುವರಿ ಸಮಯದ ಕೊನೆಗೆ ಒಲ್ಮೊ ಕ್ರಾಸ್ ಹಾಕಿದರು, ಬದಲಿಯಾಗಿ ಬಂದ ಮೆರಿನೊ ತಲೆಯಿಂದ ಗೋಲು ಹೊಡೆದರು. ಬರ್ಲಿನ್‌ನ ಫೈನಲ್‌ನಲ್ಲಿ ವಿರಾಮದ ಹೊತ್ತಿಗೆ ರೊಡ್ರಿ ಗಾಯಗೊಂಡು ಹೊರಗೆ ಕೂತರು. ಜಗತ್ತಿನ ಅತ್ಯುತ್ತಮ ಮಿಡ್‌ಫೀಲ್ಡರ್ ಇಲ್ಲ ಅಂದರೆ ಬೇರೆ ತಂಡ ಕಂಗಾಲಾಗುತ್ತಿತ್ತು. ಜುಬಿಮೆಂಡಿ ಇಳಿದರು, ಏನೂ ಆಗದ ಹಾಗೆ ಆಟ ಸಾಗಿತು. 86ನೇ ನಿಮಿಷದಲ್ಲಿ ಕುಕುರೆಯಾ ಎಡದಿಂದ ಕೊಟ್ಟ ಚೆಂಡನ್ನು ಒಯರ್ಜಬಾಲ್ ಜಾರಿ ಒಳಗೆ ತಳ್ಳಿದರು. ಕೊನೆಯ ಗಳಿಗೆಯಲ್ಲಿ ಗೋಲು ಗೆರೆಯ ಮೇಲೆ ನಿಂತು ತಲೆ ಕೊಟ್ಟು ಚೆಂಡು ಹೊರಗೆ ಹಾಕಿದ್ದು ಒಲ್ಮೊ. ಈ ಹೆಸರುಗಳನ್ನು ಮೇಲಿನ ಪ್ಯಾರಾ ಜೊತೆ ಹೋಲಿಸಿ ನೋಡಿ. ಎಲ್ಲರೂ ಅವರ ಹಳೆಯ ಹುಡುಗರೇ. ಯಾರು ಒತ್ತಡದಲ್ಲಿ ಹೇಗಿರುತ್ತಾರೆ ಅಂತ ಡೆ ಲಾ ಫುಯೆಂತೆಗೆ ಹತ್ತು ದಿನದ ಶಿಬಿರದಲ್ಲಿ ಕಲಿಯಬೇಕಾಗಿರಲಿಲ್ಲ. ಏಳಕ್ಕೆ ಏಳು ಪಂದ್ಯ ಗೆದ್ದು ಕಪ್ ಎತ್ತಿದರು.

ಇಂಗ್ಲೆಂಡ್‌ಗೆ ಇದೇ ಭಾಗ್ಯ ಆಕಸ್ಮಿಕವಾಗಿ ಬಂತು. 2016ರಲ್ಲಿ ಐಸ್‌ಲೆಂಡ್‌ಗೆ ಸೋತ ರಾತ್ರಿಯೇ ರಾಯ್ ಹಾಡ್ಜ್‌ಸನ್ ರಾಜೀನಾಮೆ ಕೊಟ್ಟರು. ಹೆಸರು ಮಾಡಿದ ಕ್ಲಬ್ ಕೋಚ್ ಸ್ಯಾಮ್ ಅಲರ್ಡೈಸ್ ಬಂದರು, ಒಂದು ಪಂದ್ಯ ಆಡಿಸಿ, 67 ದಿನಕ್ಕೆ ಹೊರಟರು. ಅವಸರಕ್ಕೆ ಅಂಡರ್-21 ಕೋಚ್ ಗ್ಯಾರೆತ್ ಸೌತ್‌ಗೇಟ್‌ಗೆ ಹಂಗಾಮಿಯಾಗಿ ಕೊಟ್ಟರು. ಅವರು ಎಂಟು ವರ್ಷದಲ್ಲಿ ಒಂದು ವಿಶ್ವಕಪ್ ಸೆಮಿಫೈನಲ್, ಎರಡು ಯೂರೊ ಫೈನಲ್ ಆಡಿಸಿದರು. ಆಟ ನೀರಸ ಅಂತ ಬೈದವರೂ ಇದ್ದಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ಅದಕ್ಕೆ ಮುಂಚಿನ ಇಂಗ್ಲೆಂಡ್ ತಂಡದಲ್ಲಿ ಒಂದೊಂದು ಕ್ಲಬ್‌ನವರು ಒಂದೊಂದು ಮೇಜಿನಲ್ಲಿ ಊಟಕ್ಕೆ ಕೂರುತ್ತಿದ್ದರು ಅಂತ ಹಳೆಯ ಆಟಗಾರರೇ ಹೇಳಿಕೊಂಡಿದ್ದಾರೆ, ಅದನ್ನು ಸರಿಪಡಿಸಿದ್ದು ಸೌತ್‌ಗೇಟ್.

ಷರತ್ತು ಒಂದೇ. ಕಿರಿಯರ ತಂಡದಲ್ಲಿ ನಿಜವಾಗಿ ಒಳ್ಳೆಯ ಬೆಳೆ ಇರಬೇಕು, ಕೋಚ್ ಅಲ್ಲಿ ಕೆಲವು ವರ್ಷ ಕೂತಿರಬೇಕು. ಹುದ್ದೆಯ ಹೆಸರು ಅಂಡರ್-20 ಕೋಚ್ ಅಂತ ಇದ್ದ ಮಾತ್ರಕ್ಕೆ ಆಗಲ್ಲ.

ಕ್ಲಬ್‌ನ ದೊಡ್ಡ ಹೆಸರು, ವಿದೇಶಿ ಕೋಚ್

ಅಭಿಮಾನಿಗಳಿಗೆ ಖುಷಿ ಕೊಡುವ ದಾರಿ. ಪತ್ರಿಕಾಗೋಷ್ಠಿಯ ದಿನ ಎಲ್ಲರ ಮುಖದಲ್ಲೂ ಕಳೆ. ಆಮೇಲೆ ಏನಾಗುತ್ತೆ ಅನ್ನೋದು ಸಮಯದ ಮೇಲೆ ನಿಂತಿದೆ.

ಲುಚಾನೊ ಸ್ಪಲೆಟ್ಟಿ 2023ರಲ್ಲಿ ಇಟಲಿಯ ನಪೋಲಿ ಕ್ಲಬ್‌ಗೆ 33 ವರ್ಷದ ಮೇಲೆ ಲೀಗ್ ಗೆದ್ದುಕೊಟ್ಟವರು. ದಿನದಿನದ ಅಭ್ಯಾಸದಿಂದ ಆಟ ಕಟ್ಟುವ ಕೋಚ್. ಇಟಲಿ ದೇಶದ ತಂಡಕ್ಕೆ ಬಂದಾಗ ಆ ದಿನಗಳೇ ಸಿಗಲಿಲ್ಲ. 2024ರ ಯೂರೊದಲ್ಲಿ ಸ್ವಿಟ್ಜರ್ಲೆಂಡ್‌ಗೆ ಸೋತರು, ಫೆಡರೇಷನ್ ಉಳಿಸಿಕೊಂಡಿತು, 2025ರ ಜೂನ್‌ನಲ್ಲಿ ಓಸ್ಲೊದಲ್ಲಿ ನಾರ್ವೆ 3-0ರಿಂದ ಸೋಲಿಸಿದ ಮೇಲೆ ತೆಗೆದುಹಾಕಿತು. ವಿಶ್ವಕಪ್ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತ ಮೇಲೆ! ತೆಗೆಯೋದೇ ಆಗಿದ್ದರೆ ಹಿಂದಿನ ಬೇಸಿಗೆಯಲ್ಲೇ ತೆಗೆಯಬೇಕಿತ್ತು, ಒಂದು ವರ್ಷ ಸುಮ್ನೆ ಹೋಯಿತು.

ಹಾಗಂತ ಹೊರಗಿನವರು ಬೇಡವೇ ಬೇಡ ಅಂತಲ್ಲ. ಒಟ್ಟೊ ರೆಹಾಗೆಲ್ ಜರ್ಮನಿಯಿಂದ 2001ರಲ್ಲಿ ಗ್ರೀಸ್‌ಗೆ ಹೋಗಿ 2004ರಲ್ಲಿ ಯೂರೊ ಗೆದ್ದರು, ಅವರಿಗೆ ಮೂರು ವರ್ಷ ಸಿಕ್ಕಿತ್ತು. ಹಿಡಿಂಕ್ 2002ರಲ್ಲಿ ದಕ್ಷಿಣ ಕೊರಿಯಾವನ್ನು ಸೆಮಿಫೈನಲ್‌ಗೆ ಒಯ್ದಾಗ ಆತಿಥೇಯ ದೇಶ ಅಂತ ಆಟಗಾರರನ್ನು ಉದ್ದುದ್ದ ಶಿಬಿರಕ್ಕೆ ಬಿಟ್ಟುಕೊಟ್ಟಿದ್ದರು. ಅದೇ ಕೊರಿಯಾ 2023ರಲ್ಲಿ ಕ್ಲಿನ್ಸ್‌ಮನ್ ಅವರನ್ನು ತಂದು ಒಂದೇ ವರ್ಷಕ್ಕೆ, ಏಷ್ಯನ್ ಕಪ್ ಸೆಮಿಫೈನಲ್‌ನಲ್ಲಿ ಜೋರ್ಡಾನ್‌ಗೆ ಸೋತ ಮೇಲೆ ಕಳಿಸಿತು. ಆಟಗಾರರ ನಡುವೆ ಪಂದ್ಯದ ಹಿಂದಿನ ರಾತ್ರಿ ಜಗಳವಾಗಿ ನಾಯಕ ಸನ್ ಬೆರಳಿಗೆ ಪೆಟ್ಟಾಗಿತ್ತು. ದೊಡ್ಡ ಹೆಸರಿಗೆ ತಂಡದೊಳಗಿನ ಬಿರುಕು ಮುಚ್ಚುವ ಶಕ್ತಿ ಇಲ್ಲ.

ಸಮಯ ಕಡಿಮೆ ಇದ್ದಾಗ ಕ್ಲಬ್ ಕೋಚ್ ಕೆಲಸಕ್ಕೆ ಬಂದದ್ದು ಮೊರಾಕ್ಕೊದಲ್ಲಿ. 2022ರ ವಿಶ್ವಕಪ್‌ಗೆ ಕೆಲವೇ ತಿಂಗಳಿದ್ದಾಗ ಹಲಿಲ್‌ಹೋಜಿಚ್ ಅವರನ್ನು ತೆಗೆದು ವಾಲಿದ್ ರೆಗ್ರಾಗಿ ಅವರನ್ನು ತಂದರು, ಅದೇ ವರ್ಷ ವೈದಾದ್ ಕ್ಲಬ್‌ಗೆ ಆಫ್ರಿಕದ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟಿದ್ದವರು. ಆದರೆ ಅವರು ಹೊರಗಿನವರಲ್ಲ, ಮೊರಾಕ್ಕೊ ಪರ ಆಡಿದವರು, ಹುಡುಗರ ಮನಸ್ಸು ಬಲ್ಲವರು. ಹಳೆಯ ಕೋಚ್ ಜೊತೆ ಮುನಿಸಿಕೊಂಡು ತಂಡ ಬಿಟ್ಟಿದ್ದ ಜಿಯೆಕ್‌ನ ವಾಪಸ್ ಕರೆತಂದರು. ಸೆಮಿಫೈನಲ್ ಆಡಿದ ಮೊದಲ ಆಫ್ರಿಕನ್ ದೇಶ ಅವರದು.

ಹಂಗಾಮಿ ಇಟ್ಟು ಕಾಯೋದು

ಇದಕ್ಕೆ ಜಾಸ್ತಿ ಮಾತು ಬೇಡ. ಮಾಡಬೇಡಿ.

ಬ್ರೆಜಿಲ್ ನೋಡಿದರೆ ಸಾಕು. ಕೋಚ್ ಟಿಟೆ ತಾವು 2022ರ ವಿಶ್ವಕಪ್ ಆದ ಮೇಲೆ ಇರಲ್ಲ ಅಂತ ಆ ವರ್ಷದ ಆರಂಭದಲ್ಲೇ ಹೇಳಿದ್ದರು. ಬೇರೆಯವರನ್ನು ಹುಡುಕೋಕೆ ಬೇಕಾದಷ್ಟು ಸಮಯವಿತ್ತು. ಆದರೆ ಕಾರ್ಲೊ ಅಂಚಲೊಟ್ಟಿ ಬರುತ್ತಾರೆ ಅಂತ ಕಾಯುತ್ತಾ ಕೂತರು. ಅಂಡರ್-20 ಕೋಚ್ ರಾಮೊನ್ ಮೆನೆಜೆಸ್ ಕೆಲವು ಪಂದ್ಯ ನೋಡಿಕೊಂಡರು, ಮೊರಾಕ್ಕೊಗೂ ಸೆನೆಗಲ್‌ಗೂ ಸೋತರು. ಆಮೇಲೆ ಫೆರ್ನಾಂಡೊ ಡಿನಿಜ್, ಅವರು ಅದೇ ಸಮಯದಲ್ಲಿ ಫ್ಲುಮಿನೆನ್ಸ್ ಕ್ಲಬ್ ಕೂಡ ನಡೆಸುತ್ತಿದ್ದರು. ಕ್ಲಬ್‌ಗೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ಲಿಬರ್ಟಡೋರೆಸ್ ಕಪ್ ಗೆದ್ದುಕೊಟ್ಟರು, ದೇಶಕ್ಕೆ ಉರುಗ್ವೆ, ಕೊಲಂಬಿಯಾ, ಅರ್ಜೆಂಟೀನಾ ವಿರುದ್ಧ ಸಾಲಾಗಿ ಮೂರು ಸೋಲು. ಮರಕಾನಾದಲ್ಲಿ ಅರ್ಜೆಂಟೀನಾ ಎದುರಿನ ಸೋಲು ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಬ್ರೆಜಿಲ್ ಮನೆಯಂಗಳದಲ್ಲಿ ಕಂಡ ಮೊದಲ ಸೋಲು. ಡೊರಿವಾಲ್ ಜೂನಿಯರ್ ಬಂದರು, 2025ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾಗೆ 4-1ರಿಂದ ಸೋತು ಹೋದರು. ಅಂಚಲೊಟ್ಟಿ ಕೊನೆಗೂ ಬಂದದ್ದು 2025ರ ಮೇ ತಿಂಗಳಲ್ಲಿ. ನಾಲ್ಕು ವರ್ಷದ ಅವಧಿಯಲ್ಲಿ ಎರಡೂವರೆ ವರ್ಷ ಕಾಯೋದರಲ್ಲೇ ಕರಗಿತು.

ನಮ್ಮ ತಂಡದ ವಿಷಯ

ಭಾರತಕ್ಕೆ ವಿಶ್ವಕಪ್ ಇನ್ನೂ ದೂರ, ನಮ್ಮ ದೊಡ್ಡ ಟೂರ್ನಿ ಏಷ್ಯನ್ ಕಪ್. ಆದರೆ ಮೇಲೆ ಹೇಳಿದ ತಪ್ಪುಗಳಲ್ಲಿ ಎರಡನ್ನು ನಾವೂ ಮಾಡಿದ್ದೇವೆ.

2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಾಗ ಕೋಚ್ ಇಗೊರ್ ಸ್ಟಿಮಾಚ್ ಎಲ್ಲರ ಕಣ್ಮಣಿ. ಆ ಹುರುಪಿನಲ್ಲೇ ಫೆಡರೇಷನ್ ಅದೇ ವರ್ಷ ಅವರ ಒಪ್ಪಂದವನ್ನು 2026ರ ತನಕ ಎಳೆಯಿತು, ಏಷ್ಯನ್ ಕಪ್ ಆಡುವ ಮೊದಲೇ. ಜರ್ಮನಿ ಲೋವ್ ವಿಷಯದಲ್ಲಿ ಮಾಡಿದ್ದೂ ಇದನ್ನೇ ಅಲ್ವಾ? 2024ರ ಜನವರಿಯಲ್ಲಿ ಕತಾರ್‌ನಲ್ಲಿ ಮೂರೂ ಪಂದ್ಯ ಸೋತೆವು, ಒಂದೂ ಗೋಲು ಹೊಡೆಯಲಿಲ್ಲ. ತೆಗೆಯೋದಾಗಿದ್ದರೆ ಆಗಲೇ ತೆಗೆಯಬೇಕಿತ್ತು. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 2-1ರಿಂದ ಸೋತೆವು, ಅದು ಸುನಿಲ್ ಛೆಟ್ರಿಯ 150ನೇ ಪಂದ್ಯ. ಜೂನ್‌ನಲ್ಲಿ ದೋಹಾದಲ್ಲಿ ಚೆಂಡು ಗೆರೆ ದಾಟಿ ಮೈದಾನದ ಹೊರಗೆ ಹೋದ ಮೇಲೂ ಕತಾರ್‌ಗೆ ಗೋಲು ಕೊಟ್ಟ ಆ ಪಂದ್ಯ ಆಗಿ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನ ಬಾಗಿಲು ಮುಚ್ಚಿದ ಮೇಲಷ್ಟೇ ಅವರನ್ನು ಕಳಿಸಿದ್ದು, ಅದೂ ಒಪ್ಪಂದ ಇನ್ನೂ ಎರಡು ವರ್ಷ ಬಾಕಿ ಇದ್ದಾಗ. ಪರಿಹಾರದ ಜಗಳ ಬೇರೆ ನಡೆಯಿತು.

ಎರಡನೇ ತಪ್ಪು ಅದಾದ ತಕ್ಷಣ. ಅವರ ಜಾಗಕ್ಕೆ ಬಂದ ಮನೊಲೊ ಮಾರ್ಕೆಜ್ ಒಳ್ಳೆಯ ಕೋಚ್, ಅದರಲ್ಲಿ ಅನುಮಾನ ಬೇಡ. ಆದರೆ ಒಂದು ಪೂರ್ತಿ ಋತು ಎಫ್‌ಸಿ ಗೋವಾವನ್ನೂ ಭಾರತ ತಂಡವನ್ನೂ ಒಟ್ಟಿಗೆ ನಡೆಸಲು ಬಿಟ್ಟರು, ಡಿನಿಜ್ ಕಥೆ ಕಣ್ಣ ಮುಂದೆ ಇದ್ದಾಗಲೂ. ಗೆದ್ದದ್ದು ಮಾಲ್ಡೀವ್ಸ್ ವಿರುದ್ಧದ ಒಂದು ಪಂದ್ಯ ಮಾತ್ರ. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬರುವ ಹೊತ್ತಿಗೆ 2027ರ ಏಷ್ಯನ್ ಕಪ್ ಅರ್ಹತೆಯ ಎರಡು ಪಂದ್ಯ ಮುಗಿದು ಸಿಕ್ಕಿದ್ದು ಒಂದೇ ಅಂಕ. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ ಸೋತು ಆ ಆಸೆಯೂ ಹೋಯಿತು. ಇಲ್ಲಿಯ ಲೀಗ್‌ನಲ್ಲೇ ಬೆಳೆದ ಕೋಚ್ ಖಾಲಿದ್, ಅವರ ಪಾಲಿಗೆ ಬಂದದ್ದು ಅರ್ಧ ಸುಟ್ಟ ಅಡುಗೆ. ಅದರ ಮೇಲೆ ಅವರನ್ನು ಅಳೆಯೋದು ನ್ಯಾಯ ಅಲ್ಲ.

ಮುಂದೆ ಯಾವಾಗಲಾದರೂ ಹೊಸ ಹೆಸರು ಬೇಕಾದಾಗ ಯುರೋಪಿನ ಅರ್ಜಿಗಳನ್ನು ತಿರುವಿ ಹಾಕುವ ಮೊದಲು ನಮ್ಮ ಅಂಡರ್-23 ತಂಡದ ಬೆಂಚಿನತ್ತ ನೋಡಲಿ ಅಂತ ನನ್ನ ಆಸೆ. 2025ರಲ್ಲಿ ಆ ತಂಡದ ಹೊಣೆ ಹೊತ್ತ ನೌಷಾದ್ ಮೂಸಾ ಬೆಂಗಳೂರು ಎಫ್‌ಸಿಯ ರಿಸರ್ವ್ ತಂಡವನ್ನು ವರ್ಷಗಟ್ಟಲೆ ನೋಡಿಕೊಂಡವರು, ಕ್ಲಬ್‌ಗೆ ಕಷ್ಟ ಬಂದಾಗ ಹಿರಿಯರ ತಂಡವನ್ನೂ ಹಂಗಾಮಿಯಾಗಿ ನಡೆಸಿದವರು. ಅವರೇ ಆಗಬೇಕು ಅಂತ ಹಟ ಇಲ್ಲ. ಆದರೆ ಮುಂದಿನ ಏಷ್ಯನ್ ಕಪ್ ಅರ್ಹತಾ ಸುತ್ತು ಆಡುವ ಹುಡುಗರು ಈಗ ಅಂಡರ್-23ರಲ್ಲೇ ಇದ್ದಾರೆ, ಅವರ ಜೊತೆ ಇರುವ ಕೋಚ್‌ಗೆ ನಾಲ್ಕು ವರ್ಷ ಅಲ್ಲೇ ಬಿಟ್ಟು, ಆಮೇಲೆ ಹುಡುಗರ ಜೊತೆಗೇ ಮೇಲೆ ತಂದು ನೋಡಲಿ. ಅದನ್ನು ನಾವು ಇನ್ನೂ ಸರಿಯಾಗಿ ಮಾಡಿಯೇ ನೋಡಿಲ್ಲ.